ಕೂವೆಕಂಬ, ನಾರಿನ ಹಗ್ಗ

ನಮ್ಮ ಬಾಣಾವರದ ಕಡೆ ತೆಂಗಿನಕಾಯಿ ಸುಲಿದ ಮೇಲೆ ತೋಟದ ಬದಿಗೆ ಗುಡ್ಡೆ ಬೀಳುವ ಮಟ್ಟೆಯಿಂದಲೇ ಇವತ್ತಿನ ಮಾತು ಶುರು ಮಾಡುತ್ತೇನೆ. ಅರಬ್ಬಿ ಸಮುದ್ರದ ಹಾಯಿಹಡಗುಗಳನ್ನು ನೂರಾರು ವರ್ಷ ಬಿಗಿದು ನಿಲ್ಲಿಸಿದ್ದು ಇಂಥದೇ ಮಟ್ಟೆಯ ನಾರು.

ಹಾಯಿ ಏರಿಸುವ ಕಂಬಕ್ಕೆ ಕನ್ನಡದಲ್ಲಿ ಕೂವೆ ಎಂಬ ಹೆಸರಿದೆ. ಅದಕ್ಕೆ ನೆಟ್ಟಗೆ ಬೆಳೆದ, ಗಂಟು ಕಡಿಮೆಯಿರುವ, ಗಟ್ಟಿಯಾದರೂ ಹಗುರವಾದ ಮರ ಬೇಕು. ಮೇಲೆ ಭಾರ ಹೆಚ್ಚಾದರೆ ಹಡಗು ವಾಲುತ್ತದೆ. ಕೆನರಾದ ಕಾಡುಗಳಲ್ಲಿ ಅಂಥ ಮರವಿತ್ತು: ಹೊನ್ನೆ. ಬಾಗಿಲು, ಕಿಟಕಿಗೆ ಕೊಯ್ಸುವ ಹೊನ್ನೆಯಲ್ಲ, ಪುನ್ನಾಗದ ಬಳಗದ್ದು. ಅದರ ಹಳೆಯ ರೂಪ ‘ಪೊನ್ನೆ’ ಇಂಗ್ಲಿಷರ ಬಾಯಲ್ಲಿ ‘ಪೂನ್’ ಆಯಿತು. ಕೂವೆಗಾಗಿ ಅವರು ಆ ಮರವನ್ನು ಹುಡುಕಿ ಕಡಿಸಿದರು.

ಆದರೆ ಎಂಥ ಮರವಾದರೂ ಒಂಟಿಯಾಗಿ ಗಾಳಿಗೆ ನಿಲ್ಲುವುದು ಕಷ್ಟ. ತುದಿಯಿಂದ ಎರಡೂ ಪಕ್ಕಕ್ಕೆ ಇಳಿಸಿ ಬಿಗಿದ ಹಗ್ಗಗಳೇ ಅದರ ಬಲ. ನಾರಿನ ಹಗ್ಗ ಉಪ್ಪುನೀರಿಗೆ ಬೇಗ ಕೊಳೆಯುವುದಿಲ್ಲ. 13ನೆಯ ಶತಮಾನದಲ್ಲಿ ಹೊರ್ಮುಜ್‌ನಲ್ಲಿ ನಾರಿನಿಂದ ಹಲಗೆ ಹೊಲಿದು ಕಟ್ಟಿದ ಹಡಗುಗಳನ್ನು ಕಂಡ ಮಾರ್ಕೊ ಪೋಲೊ ಕೂಡ ಈ ಗುಣವನ್ನು ಗುರುತಿಸಿದ್ದ. ಬಿರುಗಾಳಿ ಹೊಡೆದಾಗ ಈ ಹಗ್ಗ ಕೊಂಚ ಹಿಗ್ಗಿ ಪೆಟ್ಟು ನುಂಗುತ್ತದೆ. ಹಿಗ್ಗಿದ್ದನ್ನು ಮತ್ತೆ ಮತ್ತೆ ಬಿಗಿಯಬೇಕು, ಅದೊಂದು ಕಷ್ಟ. ತ್ರಿಕೋನ ಹಾಯಿಯ ಪತ್ತೆಮಾರಿ ಹಡಗಿನವರು ಗಾಳಿ ಬೀಸುವ ಮಗ್ಗುಲಿನ ಹಗ್ಗವನ್ನು ಬಿಗಿದು, ದಿಕ್ಕು ಬದಲಿಸಿದಾಗ ಅದನ್ನು ಆಚೆ ಬದಿಗೆ ಕಟ್ಟುತ್ತಿದ್ದರು. 19ನೆಯ ಶತಮಾನದಲ್ಲಿ ತಂತಿಹಗ್ಗ ಬಂತು, ಮುಂದೆ ಅಲ್ಯೂಮಿನಿಯಂ ಕಂಬವೂ ಬಂತು. ಇವತ್ತು ದೂರಯಾನದ ದೋಣಿ ಕೊಳ್ಳುವವರು ಮೊದಲು ಕಂಬದ ಎತ್ತರ ಕೇಳಬಹುದು. ನನ್ನನ್ನು ಕೇಳಿದರೆ, ಮೊದಲು ನೋಡಬೇಕಾದ್ದು ಅದನ್ನು ಹಿಡಿದಿರುವ ಹಗ್ಗ, ತಂತಿಗಳನ್ನು. ನಡುಸಮುದ್ರದಲ್ಲಿ ಅವನ್ನು ನಮ್ಮ ಕೈಯಲ್ಲೇ ದುರಸ್ತಿ ಮಾಡಲಾದೀತೆ ಎಂಬುದನ್ನು.

ನಾರಿನಿಂದ ಹಡಗು ಹೊಲಿಯುವ ಹಳೆಯ ವಿದ್ಯೆಗೆ ಮತ್ತೆ ಜೀವ ಬಂದದ್ದನ್ನು ಹೇಳದೆ ಹೇಗೆ ಮುಗಿಸಲಿ! ಅಜಂತಾದ 5ನೆಯ ಶತಮಾನದ ಚಿತ್ರವೊಂದನ್ನು ಆಧರಿಸಿ, ಬಾಬು ಶಂಕರನ್ ಅವರ ಮುಂದಾಳತ್ವದಲ್ಲಿ ಕೇರಳದ ಕುಶಲಕರ್ಮಿಗಳು ಗೋವೆಯಲ್ಲಿ ಒಂದು ಹಡಗು ಕಟ್ಟಿದರು. ಹಲಗೆಗಳನ್ನು ನಾರಿನ ಹಗ್ಗದಿಂದಲೇ ಹೊಲಿದರು. ಹಳೆಯ ನಕ್ಷೆ ಒಂದೂ ಉಳಿದಿರಲಿಲ್ಲ. ಹಡಗಿನ ಮೈಯನ್ನು ಮದ್ರಾಸ್ ಐಐಟಿ ಮಾದರಿ ಮಾಡಿ ನೀರಿನಲ್ಲಿ ಪರೀಕ್ಷಿಸಿತು. ಮರದ ಕೂವೆ ತಾಳುತ್ತದೆಯೇ ಎಂದು ಭಾರತೀಯ ನೌಕಾಪಡೆ ತಾನೇ ಲೆಕ್ಕಹಾಕಿತು. 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ಅದು ‘ಕೌಂಡಿನ್ಯ’ ಎಂಬ ಹೆಸರಿನಿಂದ ನೌಕಾಪಡೆ ಸೇರಿತು. ಡಿಸೆಂಬರ್ 29ರಂದು ಪೋರಬಂದರಿನಿಂದ ಮಸ್ಕತ್ತಿಗೆ ಹೊರಟಿತು.

ಅದರ ಹಾಯಿಯ ಮೇಲೆ ಸೂರ್ಯನ ಜೊತೆಗೆ ಗಂಡಭೇರುಂಡವಿದೆ. ಬೇಲೂರಿನ ಗುಡಿಯಲ್ಲಿ ನಾವೆಲ್ಲ ಕತ್ತೆತ್ತಿ ನೋಡಿರುವ ಎರಡು ತಲೆಯ ಅದೇ ಹಕ್ಕಿ.