ಸಪ್ತಧಾತುಗಳು, ಓಜಸ್ಸು ಮತ್ತು ಬ್ರಹ್ಮಚರ್ಯ

(ಚಳ್ಳಕೆರೆಯಲ್ಲಿಯೂ ಮೊಳಕಾಲ್ಮೂರಿನಲ್ಲಿಯೂ ಉಪಾಧ್ಯಾಯರ ಸಭೆಗಳಲ್ಲಿ ಮಾಡಿದ ಭಾಷಣ)



ವೈದ್ಯಶಾಸ್ತ್ರವನ್ನು ಕುರಿತು ವಕೀಲನಾದವನು ಮಾತನಾಡಹೊರಟರೆ ಊರವರು ನಗುವುದು ಸಹಜವೇ ಸರಿ. ನಾನು ನಾಡಿ ಹಿಡಿದವನಲ್ಲ. ಕಷಾಯ ಕಾಸಿದವನೂ ಅಲ್ಲ. ಆದರೆ ಒಂದು ಕಾಗದವನ್ನು ಮುಂದಿಟ್ಟರೆ ಅದರಲ್ಲಿ ಏನು ಬರೆದಿದೆ, ಏನು ಬರೆದಿಲ್ಲ ಎಂದು ನೋಡುವುದು ನನ್ನ ಕಸುಬು. ಈ ದಿನ ಆ ಕಸುಬಿನ ಮಟ್ಟಿಗೆ ಮಾತ್ರ ಮಾತನಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಮೊಳಕಾಲ್ಮೂರಿನ ಕಡೆಯ ರೇಷ್ಮೆ ನೇಯುವ ಯಜಮಾನರೊಬ್ಬರು ನನ್ನಲ್ಲಿಗೆ ಬಂದರು. "ಸ್ವಾಮೀ, ಔಷಧಿಯವನೊಬ್ಬನಿಂದ ನನ್ನ ಹಣ ವಾಪಸು ಕೊಡಿಸಬೇಕು" ಎಂದರು. ಹತ್ತೊಂಬತ್ತು ವರ್ಷದ ಮಗ. ಕೆಮ್ಮು, ಸಂಜೆಯ ಹೊತ್ತಿಗೆ ಮೈಬಿಸಿ, ದಿನದಿನಕ್ಕೆ ಇಳಿಯುತ್ತಿದ್ದ ಶರೀರ. ಸಂತೆಯಲ್ಲಿ ಗುಡಾರ ಹಾಕಿದ್ದವನೊಬ್ಬನು ಹುಡುಗನ ಮುಖವನ್ನು ನೋಡಿದವನೇ, "ನಿನಗೆ ಧಾತು ಹೋಗಿದೆ, ಒಂದು ತೊಟ್ಟು ಧಾತು ನಲವತ್ತು ತೊಟ್ಟು ರಕ್ತಕ್ಕೆ ಸಮ" ಎಂದು ಹೇಳಿ, ಭಸ್ಮ ಲೇಹ್ಯಗಳನ್ನು ಕಟ್ಟಿಕೊಟ್ಟನಂತೆ. ಹುಡುಗನು ನಾಚಿಕೆಯಿಂದ ಯಾರಿಗೂ ಹೇಳದೆ ಐದು ತಿಂಗಳು ಅದನ್ನೇ ತಿಂದನು. ಮಗ್ಗದ ಮೇಲಿನ ಸಾಲವೂ ಬೆಳೆಯಿತು, ಕೆಮ್ಮೂ ಬೆಳೆಯಿತು. ನಾನು ಹಣದ ಮಾತನ್ನು ಆಮೇಲೆ ನೋಡೋಣವೆಂದು, ಮೊದಲು ಕಫವನ್ನು ಪರೀಕ್ಷೆ ಮಾಡಿಸಲು ಕಳುಹಿಸಿದೆನು. ಬಂದ ಉತ್ತರವನ್ನು ನೀವು ಊಹಿಸಿರಬಹುದು: ಕ್ಷಯ. 1882ರಲ್ಲಿ ರಾಬರ್ಟ್ ಕಾಖನು ಕಂಡುಹಿಡಿದ ಸೂಕ್ಷ್ಮಾಣುವಿನಿಂದ ಬರುವ, ಸರಕಾರದ ಆಸ್ಪತ್ರೆಯಲ್ಲಿ ಖರ್ಚಿಲ್ಲದೆ ಸಾಮಾನ್ಯವಾಗಿ ಆರು ತಿಂಗಳ ಔಷಧಿಯಿಂದ ಗುಣವಾಗತಕ್ಕ ರೋಗ.

ಆ ಗುಡಾರದವನು ತಾನು ಹೇಳಿದ್ದೆಲ್ಲ ಆಯುರ್ವೇದವೆಂದೇ ಹೇಳಿದ್ದನು. ಅಂದು ರಾತ್ರಿ ನಾನು ಚರಕ, ಸುಶ್ರುತ, ವಾಗ್ಭಟರನ್ನು ತೆಗೆದು ಕುಳಿತೆನು. ಸಾಕ್ಷಿಗಳನ್ನು ಪಾಟೀಸವಾಲಿಗೆ ಗುರಿಮಾಡುವಂತೆಯೇ ಓದಿದೆನೆಂದರೆ ತಪ್ಪಾಗದು.

ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಏಳೂ ಧಾತುಗಳು. ಶರೀರವನ್ನು ಧರಿಸುವುದರಿಂದ ಧಾತುಗಳೆಂದು ಹೆಸರು. ಉಂಡ ಅನ್ನವು ಪಾಕವಾಗಿ ರಸವಾಗುವುದು, ರಸದಿಂದ ರಕ್ತ, ಹೀಗೆ ಕ್ರಮವಾಗಿ ಕಡೆಯದು ಶುಕ್ರ. ಈ ಮಾರ್ಪಾಡು ಹೇಗೆ ನಡೆಯುವುದೆಂಬ ವಿಷಯದಲ್ಲಿ ಹಿಂದಿನವರಲ್ಲಿಯೇ ಒಮ್ಮತವಿಲ್ಲ; ಚಕ್ರಪಾಣಿಯ ವ್ಯಾಖ್ಯಾನದಲ್ಲಿ ಮೂರು ನ್ಯಾಯಗಳು ಬಂದಿವೆ. ಹಾಲು ಹೆಪ್ಪುಗಟ್ಟಿ ಮೊಸರಾಗುವಂತೆ ಒಂದು ಧಾತು ಪೂರ್ತಿಯಾಗಿ ಮುಂದಿನದಾಗುವುದೆಂಬುದು ಒಂದು. ಕಾಲುವೆಯ ನೀರು ಹತ್ತಿರದ ಮಡಿಯನ್ನು ಮೊದಲು ತುಂಬಿ, ಆಮೇಲೆ ದೂರದ ಮಡಿಗೆ ಹರಿಯುವಂತೆ ಎಂಬುದು ಎರಡನೆಯದು. ಮೂರನೆಯದು ನನಗೆ ಬಲು ಹಿಡಿಸಿತು: ಕಣದಲ್ಲಿ ಕಾಳು ಹರಡಿರುವಾಗ ಪಾರಿವಾಳಗಳು ನಾನಾ ದಿಕ್ಕುಗಳಿಂದ ಬಂದಿಳಿದು, ತಮ್ಮ ಪಾಲನ್ನು ಆಯ್ದುಕೊಂಡು, ತಮ್ಮ ತಮ್ಮ ಗೂಡಿಗೆ ಹಾರುವುದಷ್ಟೆ, ಹಾಗೆ ಒಂದೊಂದು ಧಾತುವೂ ಆಹಾರರಸದಿಂದ ತನಗೆ ತಕ್ಕುದನ್ನು ತಾನೇ ತೆಗೆದುಕೊಳ್ಳುವುದು. ನಮ್ಮ ಚಳ್ಳಕೆರೆಯ ಸೀಮೆಯಲ್ಲಿ ನವಣೆ ಸಜ್ಜೆಗಳ ಕಣವನ್ನು ಕಂಡವರಿಗೆ ಇದಕ್ಕೆ ಟೀಕೆ ಬೇಡ.

ಕಾಲದ ವಿಚಾರದಲ್ಲಿಯೂ ಹಾಗೆಯೇ. ರಸವು ಶುಕ್ರವಾಗಲು ಒಂದು ತಿಂಗಳೆಂದು ಸುಶ್ರುತನು ಹೇಳುತ್ತಾನೆ. ಕೆಲವರು ಆರು ದಿನವೆನ್ನುವರೆಂದು ಚರಕದಲ್ಲಿದೆ. ಆದರೆ ಧಾತುಗಳ ಸರದಿ ಚಕ್ರದಂತೆ ಎಡೆಬಿಡದೆ ತಿರುಗುತ್ತಿರುವುದೆಂಬ ಮಾತನ್ನು ಚರಕವು ಅಲ್ಲಿಯೇ ಸೇರಿಸಿದೆ. ನಲವತ್ತು ತೊಟ್ಟಿನ ಲೆಕ್ಕವೋ? ಈ ಮೂವರಲ್ಲಿ ಅದು ಇಲ್ಲ. ಹಾಗಾದರೆ ಎಲ್ಲಿಂದ ಬಂತು? ಇದೇ ನಲವತ್ತನ್ನು ಹೋಲುವ ಲೆಕ್ಕವೊಂದು 1760ರಲ್ಲಿ ಸ್ವಿಟ್ಜರ್ಲೆಂಡಿನ ತಿಸೊ ಎಂಬ ವೈದ್ಯನು ಫ್ರೆಂಚಿನಲ್ಲಿ ಬರೆದ ಪುಸ್ತಕದಲ್ಲಿ ಸಿಕ್ಕುವುದು. ಯುರೋಪಿನ ಹುಡುಗರನ್ನು ಅದು ನೂರು ವರ್ಷಕ್ಕೂ ಹೆಚ್ಚು ಕಾಲ ಹೆದರಿಸಿತು. ನಮ್ಮ ಸಂತೆಯ ಲೆಕ್ಕಕ್ಕೂ ಅದಕ್ಕೂ ನೆಂಟಸ್ತನವುಂಟೆಂದು ನಾನು ವಾದಿಸುವುದಿಲ್ಲ. ಪರದೇಶದವರೂ ಇದೇ ಭಯಕ್ಕೆ ಸಿಕ್ಕಿದ್ದರೆಂಬುದನ್ನು ಮಾತ್ರ ತೋರಿಸುತ್ತೇನೆ. ಭಯವನ್ನು ಮಾರುವವರಿಗೆ ಸಂಸ್ಕೃತವಾದರೇನು, ಫ್ರೆಂಚಾದರೇನು!

ಶುಕ್ರವು ಎಲ್ಲಿರುವುದು? ಹಾಲಿನಲ್ಲಿ ತುಪ್ಪವಿರುವಂತೆ, ಕಬ್ಬಿನಲ್ಲಿ ಬೆಲ್ಲವಿರುವಂತೆ ಇಡೀ ದೇಹವನ್ನು ವ್ಯಾಪಿಸಿರುವುದೆಂದು ಸುಶ್ರುತನು ಹೇಳುತ್ತಾನೆ. ಗಡಿಗೆಯಲ್ಲಿ ಹೂತಿಟ್ಟ ಹಣ, ತೆಗೆದಷ್ಟೂ ಮುಗಿಯಿತು ಎಂಬ ಎಣಿಕೆ ಈ ಉಪಮೆಯಲ್ಲಿಲ್ಲ. ಈಗಿನ ಶಾರೀರಶಾಸ್ತ್ರದ ದಾರಿ ಬೇರೆ. ಮಜ್ಜೆಯಿಂದ ಶುಕ್ರ ಹುಟ್ಟುವುದೆಂಬುದನ್ನು ಅದು ಒಪ್ಪುವುದಿಲ್ಲ. ಮಜ್ಜೆಯಲ್ಲಿ ಹುಟ್ಟುವುದು ರಕ್ತಕಣ. ವೀರ್ಯಾಣುಗಳು ವೃಷಣಗಳಲ್ಲಿ ಸುಮಾರು ಎರಡೂವರೆ ತಿಂಗಳಲ್ಲಿ ಬೆಳೆಯುತ್ತ, ಪ್ರಾಯದವನಲ್ಲಿ ನಿತ್ಯವೂ ಹುಟ್ಟುತ್ತಲೇ ಇರುವುವು. ಉಳಿದ ದ್ರವವು ಬೇರೆ ಗ್ರಂಥಿಗಳದು. ಪ್ರಾಯಕ್ಕೆ ಬಂದ ಹುಡುಗನಿಗೆ ನಿದ್ರೆಯಲ್ಲಿ ಸ್ಖಲನವಾಗುವುದು ರೋಗವಲ್ಲ.

ಇನ್ನು ಓಜಸ್ಸು. ಇದನ್ನೇ ಶುಕ್ರವೆಂದು ತಿಳಿದವರು ಬಹಳ ಮಂದಿ. ರಸ ಮೊದಲು ಶುಕ್ರ ಕಡೆಯಾದ ಏಳೂ ಧಾತುಗಳ ತೇಜಸ್ಸೇ ಓಜಸ್ಸೆಂದು ಗ್ರಂಥಗಳಲ್ಲಿದೆ. ದುಂಬಿಗಳು ಹೂ ಹಣ್ಣುಗಳಿಂದ ಜೇನನ್ನು ಕೂಡಿಸುವಂತೆ ಅದು ಕೂಡುವುದಂತೆ. ಹೃದಯವು ಅದರ ನೆಲೆ. ಯಾವುದರಿಂದ ಅದು ಕ್ಷೀಣಿಸುವುದು? ವಾಗ್ಭಟನ ಪಟ್ಟಿಯನ್ನು ಕೇಳಿರಿ: ಕೋಪ, ಹಸಿವು, ಚಿಂತೆ, ಶೋಕ, ಶ್ರಮ, ಮೊದಲಾದುವು. "ಮೊದಲಾದುವು" ಎಂಬ ಬಾಗಿಲಿನಿಂದ ಶುಕ್ರನಾಶವನ್ನೂ ಒಳಗೆ ತರಬಹುದೆಂದು ಪ್ರತಿವಾದಿಯು ಹೇಳಬಹುದು, ಒಪ್ಪಿದೆ. ಧಾತುಕ್ಷಯಕ್ಕೆ ಚರಕವು ಕೊಟ್ಟಿರುವ ಉದ್ದವಾದ ಪಟ್ಟಿಯಲ್ಲಿ ಶುಕ್ರದ ಅತಿವ್ಯಯವೂ ಇದೆ, ಶೋಷರೋಗದ ಕಾರಣಗಳಲ್ಲಿಯೂ ಅದು ಬಂದಿದೆ. ಇದನ್ನು ಮುಚ್ಚಿಟ್ಟರೆ ನಾನೂ ಗುಡಾರದವನೇ ಆದೇನು. ಆದರೆ ಅದೇ ಪಟ್ಟಿಯಲ್ಲಿ ಉಪವಾಸ, ಜಾಗರಣೆ, ಭಯ, ಚಿಂತೆಗಳೂ ಕುಳಿತಿವೆ. ಅವುಗಳಿಗೆ ಯಾರೂ ಸಂತೆಯಲ್ಲಿ ಲೇಹ್ಯ ಮಾರುವುದಿಲ್ಲ! ಓಜಸ್ಸು ಕುಗ್ಗಿದವನ ಮೊದಲನೆಯ ಲಕ್ಷಣ ಅಂಜುವುದು, ಸದಾ ಚಿಂತಿಸುವುದು. ರೋಗವನ್ನು ಬೆಳೆಸುವುದರಲ್ಲಿ ವಿಷಾದವೇ ಮುಂದು, ಪುಂಸ್ತ್ವವನ್ನು ಕೆಡಿಸುವುದರಲ್ಲಿ ಮನಸ್ಸಿನ ಕುಗ್ಗುವಿಕೆಯೇ ಮುಂದು ಎಂದೂ ಚರಕದಲ್ಲಿದೆ. ಹೀಗಿರಲು ಹುಡುಗನನ್ನು ಹೆದರಿಸುವವನು ಓಜಸ್ಸನ್ನು ಉಳಿಸುವವನೋ, ಕಳೆಯುವವನೋ? 1960ರಲ್ಲಿ ಮನೋವೈದ್ಯರಾದ ಎನ್. ಎನ್. ವಿಗ್ ಅವರು ಈ ಧಾತುಭಯವನ್ನೇ ಒಂದು ಬೇನೆಯೆಂದು ಗುರುತಿಸಿ ಹೆಸರಿಟ್ಟರು. ನಮ್ಮ ಧಾತು ಶಬ್ದವೇ ಆ ಹೆಸರಿನಲ್ಲಿ ಸೇರಿ ಲೋಕದ ವೈದ್ಯಪುಸ್ತಕಗಳಿಗೆ ಹೋಗಿದೆ, ಹೆಮ್ಮೆಪಡತಕ್ಕ ರಫ್ತಲ್ಲ.

ಬ್ರಹ್ಮಚರ್ಯದ ಮಾತಿಗೆ ಬರುತ್ತೇನೆ. ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರು ಆಸರೆಗಂಬಗಳನ್ನು ಚರಕವು ಹೇಳಿದೆ. ಆಯುಷ್ಯವನ್ನು ಹೆಚ್ಚಿಸುವುವುಗಳಲ್ಲಿ ಬ್ರಹ್ಮಚರ್ಯವನ್ನು ಶ್ರೇಷ್ಠವೆಂದಿದೆ. ವಾಗ್ಭಟನಾದರೋ ಮೂರನೆಯ ಕಂಬಕ್ಕೆ "ಅಬ್ರಹ್ಮಚರ್ಯ" ಎಂದೇ ಹೆಸರು ಕೊಟ್ಟು, ಯುಕ್ತಿಯಿಂದ ನಡೆಸಿದರೆ ಮೂರೂ ಶರೀರವನ್ನು ಧರಿಸುವುವು ಎಂದನು. ಒಂದಕ್ಷರ ಮುಂದೆ ಬಂದು ಅರ್ಥವೇ ತಿರುಗಿತೆಂದು ನೀವು ಗಾಬರಿಪಡಬೇಕಾಗಿಲ್ಲ. ಗೃಹಸ್ಥನ ಮಿತವಾದ ದಾಂಪತ್ಯವೂ ಆತನಿಗೆ ಆರೋಗ್ಯದ ಒಂದು ಅಂಗ. ಚಳಿಗಾಲದಲ್ಲಿ ಇಷ್ಟ ಬಂದಂತೆ, ವಸಂತ ಶರತ್ತುಗಳಲ್ಲಿ ಮೂರು ದಿನಕ್ಕೊಮ್ಮೆ, ಮಳೆಗಾಲ ಬೇಸಗೆಗಳಲ್ಲಿ ಹದಿನೈದು ದಿನಕ್ಕೊಮ್ಮೆ ಎಂದು ಋತುಚರ್ಯೆಯನ್ನೂ ಬರೆದಿಟ್ಟನು. ತಡೆಯಬಾರದ ಹದಿಮೂರು ವೇಗಗಳನ್ನು ಎಣಿಸುವಾಗ ಶುಕ್ರವೇಗವನ್ನೂ ಚರಕವು ಸೇರಿಸಿದೆ. ಬಲಾತ್ಕಾರವಾಗಿ ತಡೆದರೆ ಬರುವ ನೋವುಗಳನ್ನೂ ಹೇಳಿದೆ. ಮಹಾತ್ಮರು 1906ರಲ್ಲಿ ಕೈಕೊಂಡ ವ್ರತವು ಒಬ್ಬ ಸಾಧಕನು ತಿಳಿದು ತಿಳಿದು ಕೈಕೊಂಡದ್ದು. ಅದನ್ನು ಹದಿನಾರರ ಹುಡುಗನ ತಲೆಯ ಮೇಲೆ ಭಯದ ಹೊರೆಯಾಗಿ ಹೊರಿಸಕೂಡದು. ವಿದ್ಯಾರ್ಥಿಯ ಬ್ರಹ್ಮಚರ್ಯವೆಂದರೆ ಓದು, ಹೊತ್ತಿಗೆ ನಿದ್ರೆ, ಹಿತವಾದ ಊಟ, ಆಟ, ಪರಸ್ತ್ರೀಯರಲ್ಲಿ ಗೌರವ. ಇಷ್ಟರಲ್ಲಿ ಗುಟ್ಟೇನೂ ಇಲ್ಲ.

ಇನ್ನೊಂದು ಮಾತು, ಇದು ನನ್ನ ವೃತ್ತಿಗೆ ಹತ್ತಿರ. ಗರ್ಭಾಧಾನಕ್ಕೆ ಗಂಡಿಗೆ ಇಪ್ಪತ್ತೈದು, ಹೆಣ್ಣಿಗೆ ಹದಿನಾರು ತುಂಬಿರಬೇಕೆಂದು ಸುಶ್ರುತನು ಎಂದೋ ಹೇಳಿದ್ದನು. ಮೈಸೂರು ಸಂಸ್ಥಾನವು 1894ರಲ್ಲಿ ತಂದ ಕಾಯಿದೆಯಿಂದ ತಡೆದದ್ದು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನೂ, ಐವತ್ತು ಮೀರಿದ ಮುದುಕರು ಹದಿನಾಲ್ಕರೊಳಗಿನವರನ್ನು ಕಟ್ಟಿಕೊಳ್ಳುವುದನ್ನೂ ಮಾತ್ರ. 1929ರ ಶಾರದಾ ಕಾಯಿದೆಯು ಹುಡುಗಿಗೆ ಹದಿನಾಲ್ಕೆಂದಿತು. ಈಗ 2006ರ ಕಾಯಿದೆಯಂತೆ ಹೆಣ್ಣಿಗೆ ಹದಿನೆಂಟು, ಗಂಡಿಗೆ ಇಪ್ಪತ್ತೊಂದು. ಧಾತುರಕ್ಷಣೆಯ ಉಪದೇಶ ಮಾಡುವ ಹಿರಿಯರೇ ಹದಿನೈದರ ಮಗಳಿಗೆ ವರನನ್ನು ಹುಡುಕುವುದನ್ನು ನಾನು ಕಂಡಿದ್ದೇನೆ. ಆ ಕೂಸಿನ ಧಾತುಗಳು ಲೆಕ್ಕಕ್ಕಿಲ್ಲವೋ?

ಗುಡಾರದವನಿಗೂ ಕಾಯಿದೆಯುಂಟು. 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯಿದೆಯ 3ನೆಯ ಪ್ರಕರಣದಂತೆ, ಕಾಮಶಕ್ತಿಯನ್ನು ಹೆಚ್ಚಿಸುವ ಔಷಧಿಯೆಂದು ಜಾಹೀರು ಮಾಡುವುದೇ ಅಪರಾಧ. ಮೊದಲನೆಯ ಸಲ ಆರು ತಿಂಗಳವರೆಗೆ ಸೆರೆ, ಅಥವಾ ಜುಲ್ಮಾನೆ, ಅಥವಾ ಎರಡೂ. ಗೋಡೆಯ ಬರಹವೂ ಕೈಹಾಳೆಯೂ ಜಾಹೀರಾತೇ. ಶಾಲೆಯ ಗೋಡೆಗೆ ಅಂಥದನ್ನು ಅಂಟಿಸಿದ್ದರೆ ಉಪಾಧ್ಯಾಯರು ಹರಿದುಹಾಕಿ ಸುಮ್ಮನಾಗದೆ, ಅದನ್ನು ಜೋಪಾನವಾಗಿ ತೆಗೆದಿಟ್ಟು, ದಿನಾಂಕ ಬರೆದು, ಪೋಲೀಸು ಠಾಣೆಗೆ ಕೊಡಿರಿ. ದಾಖಲೆಯಿಲ್ಲದ ಮೊಕದ್ದಮೆಯನ್ನು ನಾನಲ್ಲ, ಯಾವ ವಕೀಲನೂ ಗೆಲ್ಲಿಸಲಾರನು.

ಯಜಮಾನರ ಹಣ ಬರಲಿಲ್ಲ. ರಸೀದಿಯಿರಲಿಲ್ಲ, ಗುಡಾರವೂ ಆ ಹೊತ್ತಿಗೆ ರಾಯದುರ್ಗದ ಕಡೆಗೆ ಎದ್ದುಹೋಗಿತ್ತು. ಹುಡುಗನು ಔಷಧಿಯನ್ನು ತಪ್ಪದೆ ಮುಗಿಸಿ ಮಗ್ಗಕ್ಕೆ ಕುಳಿತಿದ್ದಾನೆ. ಹೋದ ಯುಗಾದಿಯಲ್ಲಿ ನನ್ನ ಮನೆಗೆ ಬಂದಿದ್ದಾಗ, "ಅಂದು ನಮ್ಮ ಶಾಲೆಯ ಮೇಷ್ಟರು ಒಂದು ಮಾತು ಹೇಳಿದ್ದರೆ ನಾನು ಅಲ್ಲಿಗೆ ಹೋಗುತ್ತಿರಲಿಲ್ಲ, ಸಾರ್" ಎಂದನು. ಸಭೆಯಲ್ಲಿ ಮೇಷ್ಟರುಗಳೇ ಹೆಚ್ಚಾಗಿರುವುದರಿಂದ ಅದನ್ನು ನಿಮ್ಮ ಮುಂದಿಟ್ಟಿದ್ದೇನೆ. ಪ್ರಶ್ನೆಗಳಿದ್ದರೆ ಕೇಳಬಹುದು, ಎದ್ದು ಕೇಳಲು ಸಂಕೋಚವಾದರೆ ಚೀಟಿ ಬರೆದು ಕಳುಹಿಸಿರಿ, ಹೆಸರು ಬೇಡ.