ಯುದ್ಧದ ನಾಡಿಗೆ ಮದ್ದು ತಲುಪಿಸುವ ಕೆಲಸ

ದೇವಾಪುರದಲ್ಲಿ ಸೇರಿದ ಆರೋಗ್ಯ ಕಾರ್ಯಕರ್ತರ ಸಮಾವೇಶದ ಅಧ್ಯಕ್ಷ ಭಾಷಣ

ಕವಿ ಲಕ್ಷ್ಮೀಶ ತಮ್ಮೂರಿನವನೆಂದು ಜನ ಅಭಿಮಾನಪಡುವ ದೇವಾಪುರದಲ್ಲಿ ಸುರಪುರ, ಶಹಾಪುರ, ಯಾದಗಿರಿ ತಾಲ್ಲೂಕುಗಳ ಆರೋಗ್ಯ ಕಾರ್ಯಕರ್ತರ ಈ ಸಮಾವೇಶ ಸೇರಿದೆ. ಚರ್ಚೆಗೆ ಎತ್ತಿಕೊಂಡ ವಿಷಯ ಮೇಲ್ನೋಟಕ್ಕೆ ಬಹಳ ದೂರದ್ದು: ಕಾಳಗದಲ್ಲಿ ನಲುಗಿದ ದೇಶಕ್ಕೆ ವೈದ್ಯಕೀಯ ನೆರವನ್ನು ಹೊಂದಿಸಿ ತಲುಪಿಸುವುದು ಹೇಗೆ? ಆದರೆ ಆ ದೂರದ ವಿಷಯ ಕರ್ನಾಟಕದ ಮನೆಬಾಗಿಲಿಗೆ ಬಂದು ಹೆಚ್ಚು ಕಾಲವಾಗಿಲ್ಲ.

2023ರ ಏಪ್ರಿಲ್ 15ರಂದು ಸುಡಾನಿನ ಸೇನೆಗೂ ಅಲ್ಲಿನ ಅರೆಸೇನಾ ಪಡೆಗೂ ಕಾಳಗ ಹತ್ತಿಕೊಂಡಿತು. ಗಿಡಮೂಲಿಕೆ ಎಣ್ಣೆ, ಔಷಧಿ ಮಾರಲು ಅಲ್ಲಿಗೆ ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನ ಗುಂಡಿನ ಸದ್ದಿನ ನಡುವೆ ಸಿಕ್ಕಿಬಿದ್ದರು. ಅವರಲ್ಲಿ 31 ಮಂದಿ ಎಲ್ ಫಾಶರ್ ನಗರದಲ್ಲಿದ್ದ ಸುದ್ದಿ ಇಡೀ ರಾಜ್ಯವನ್ನು ಕಳವಳಕ್ಕೆ ದೂಡಿತು. ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ಹೆಸರಿನಲ್ಲಿ ಮುಖ್ಯವಾಗಿ ಪೋರ್ಟ್ ಸುಡಾನಿನಿಂದ ಹಡಗು, ವಿಮಾನಗಳ ಮೂಲಕ 3,800ಕ್ಕೂ ಹೆಚ್ಚು ಜನರನ್ನು ಕರೆತಂದಿತು. ಬೆಂಗಳೂರಿಗೆ ಇಳಿದವರಲ್ಲಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇಲ್ಲದವರನ್ನು ಮನೆಗೆ ಬಿಡದೆ ಪ್ರತ್ಯೇಕವಾಗಿ ಇರಿಸಬೇಕಾಯಿತು. ಯುದ್ಧದಿಂದ ಪಾರಾಗಿ ಬಂದವರನ್ನು ಒಂದು ಕಾಗದ ತಡೆಯಿತು. ಆ ನಿಯಮ ತಪ್ಪಲ್ಲ. ರೋಗ ದೇಶದೊಳಗೆ ಬರಬಾರದು ಎಂಬುದೇ ಅದರ ಉದ್ದೇಶ. ನೆರವಿನ ಕೆಲಸದಲ್ಲಿ ಹಡಗಿಗೆ ಎಷ್ಟು ತೂಕವೋ ಲಸಿಕೆಯ ಚೀಟಿಗೂ ಅಷ್ಟೇ ತೂಕ ಎಂಬುದನ್ನು ಆ ದಿನಗಳು ತೋರಿಸಿದವು.

ಅದೇ ಎಲ್ ಫಾಶರ್ ಮುಂದೆ ಸುಮಾರು ಒಂದೂವರೆ ವರ್ಷ ಮುತ್ತಿಗೆಯಲ್ಲಿತ್ತು. 2025ರ ಅಕ್ಟೋಬರ್ ಕೊನೆಯಲ್ಲಿ ನಗರ ಅರೆಸೇನಾ ಪಡೆಯ ಕೈಸೇರಿತು. ಅಲ್ಲಿನ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳೂ ಅವರ ಆರೈಕೆಗೆ ನಿಂತವರೂ ಸೇರಿ 460ಕ್ಕೂ ಹೆಚ್ಚು ಮಂದಿ ಕೊಲೆಯಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಇಂಥ ಸುದ್ದಿ ಕೇಳಿದಾಗ ಮೊದಲು ಹುಟ್ಟುವ ಮಾತು ‘ಡಾಕ್ಟರುಗಳನ್ನು ಕಳಿಸಬೇಕು, ಔಷಧಿ ಕಳಿಸಬೇಕು’ ಎಂಬುದು. ಮಾತು ಸರಿ. ಆದರೆ ಯಾರ ಅನುಮತಿಯಿಂದ, ಯಾವ ದಾರಿಯಲ್ಲಿ, ಯಾರ ಕೈಕೆಳಗೆ, ಯಾವ ಭಾಷೆಯಲ್ಲಿ, ಎಷ್ಟು ದಿನ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಹೊರಟ ಔಷಧಿ ಗೋದಾಮಿನಲ್ಲೇ ಉಳಿಯುತ್ತದೆ. ಈ ಹೊಂದಾಣಿಕೆಯನ್ನು ಕಚೇರಿಯ ಗುಮಾಸ್ತಿಕೆ ಎಂದು ಬದಿಗಿಡಬಾರದು, ಇದು ಚಿಕಿತ್ಸೆಯದೇ ಭಾಗ ಎಂಬುದು ಈ ಭಾಷಣದ ವಾದ.

ಈ ವಾದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಯಾದಗಿರಿಯಲ್ಲಿ ರೈಲು ಹತ್ತಿ ವಾಡಿ, ಕಲಬುರಗಿ ದಾಟಿದರೆ ಸೊಲ್ಲಾಪುರ. ಶರಣ ಸಿದ್ಧರಾಮನ ಊರು. ಕನ್ನಡವೂ ಮರಾಠಿಯೂ ಬೀದಿಯಲ್ಲಿ ಕೇಳುವ ಗಡಿನಗರ. ಅಲ್ಲಿ 1910ರ ಅಕ್ಟೋಬರ್ 10ರಂದು ಹುಟ್ಟಿದವರು ಡಾ. ದ್ವಾರಕಾನಾಥ ಕೋಟ್ನಿಸ್. ಮುಂಬಯಿಯ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿ ಸ್ನಾತಕೋತ್ತರ ಪದವಿಯ ತಯಾರಿಯಲ್ಲಿದ್ದ ತರುಣ.

ಜಪಾನಿನ ದಾಳಿಗೆ ಸಿಕ್ಕ ಚೀನಾದಿಂದ ಸೇನಾನಿ ಝು ದ ಅವರು ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದು ವೈದ್ಯರನ್ನು ಕೇಳಿದ್ದರು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸ್ ದೇಶಕ್ಕೆ ಕರೆ ಕೊಟ್ಟರು. ಜುಲೈ 7ರಿಂದ 9ರವರೆಗೆ ‘ಚೀನಾ ದಿನ’ ಆಚರಿಸಿ 22,000 ರೂಪಾಯಿ ಕೂಡಿಸಲಾಯಿತು. ಸ್ವತಃ ಪರಾಧೀನವಾಗಿದ್ದ ದೇಶದ ಜನ ಇನ್ನೊಂದು ದೇಶದ ಗಾಯಾಳುಗಳಿಗಾಗಿ ಕೊಟ್ಟ ಹಣ ಅದು. ಅಲಹಾಬಾದಿನ ಅಟಲ್, ನಾಗಪುರದ ಚೋಳ್ಕರ್, ಕಲ್ಕತ್ತೆಯ ಬಸು ಮತ್ತು ಮುಖರ್ಜಿ, ಸೊಲ್ಲಾಪುರದ ಕೋಟ್ನಿಸ್ ಹೀಗೆ ಐವರು ವೈದ್ಯರು ಒಂದು ಆಂಬ್ಯುಲೆನ್ಸ್ ಸಮೇತ ಸೆಪ್ಟೆಂಬರ್ 1ರಂದು ಮುಂಬಯಿ ಬಂದರಿನಿಂದ ಹೊರಟರು. ತಂಡದ ಮುಖ್ಯಸ್ಥ ಅಟಲ್ ಅವರಿಗೆ ಸ್ಪೇನಿನ ಅಂತರ್ಯುದ್ಧದಲ್ಲಿ ದುಡಿದ ಅನುಭವವಿತ್ತು. ಆಯ್ಕೆಯಲ್ಲೇ ವಿವೇಕ ಕಾಣುತ್ತದೆ: ಹುಮ್ಮಸ್ಸಿನವರ ಜೊತೆಗೆ ಯುದ್ಧ ಕಂಡ ಒಬ್ಬರು ಇರಬೇಕೆಂಬ ಎಚ್ಚರ.

ಅಲ್ಲಿಗೆ ಹೋದಮೇಲೆ ಅವರು ತಮ್ಮದೇ ಬಾವುಟ ನೆಟ್ಟು ಬೇರೆ ಆಸ್ಪತ್ರೆ ತೆರೆಯಲಿಲ್ಲ. ಮೊದಲು ಚೀನಾದ ರೆಡ್‌ಕ್ರಾಸ್ ಜೊತೆ ದುಡಿದು, 1939ರ ಫೆಬ್ರವರಿಯಲ್ಲಿ ಯೆನಾನ್ ಸೇರಿ, ಝು ದ ಅವರ ಎಂಟನೆಯ ಮಾರ್ಗ ಸೇನೆಯ ವೈದ್ಯ ವ್ಯವಸ್ಥೆಯೊಳಗೆ ಸೇರಿಕೊಂಡರು. ಕೋಟ್ನಿಸ್ ಚೀನೀ ಭಾಷೆ ಕಲಿತು ಆ ಭಾಷೆಯಲ್ಲೇ ಪಾಠ ಹೇಳಿದರು. 1940ರ ಒಂದು ದೀರ್ಘ ಕದನದಲ್ಲಿ 72 ಗಂಟೆ ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿ, 800ಕ್ಕೂ ಹೆಚ್ಚು ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟದ್ದು ಎಲ್ಲರೂ ಹೇಳುವ ಸಂಗತಿ. ಅದಕ್ಕಿಂತ ಕಡಿಮೆ ಹೇಳಿದ, ಆದರೆ ಅಷ್ಟೇ ದೊಡ್ಡ ಸಂಗತಿ ಇನ್ನೊಂದಿದೆ. ಕೆನಡಾದ ಸರ್ಜನ್ ನಾರ್ಮನ್ ಬೆಥ್ಯೂನ್ 1939ರಲ್ಲಿ ಬೆರಳಿನ ಗಾಯ ನಂಜಾಗಿ ತೀರಿಕೊಂಡಿದ್ದರು. ಅವರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರಲ್ಲಿ ನಿರ್ದೇಶಕರಾದ ಕೋಟ್ನಿಸ್ ಅಲ್ಲಿನ ವಿದ್ಯಾರ್ಥಿಗಳಿಗಾಗಿ ಶಸ್ತ್ರಚಿಕಿತ್ಸೆಯ ಪಠ್ಯ ಬರೆದರು. ಎರಡನೆಯ ಪಠ್ಯ ಅರ್ಧವಾಗಿರುವಾಗಲೇ, 1942ರ ಡಿಸೆಂಬರ್ 9ರಂದು, 32ನೆಯ ವಯಸ್ಸಿನಲ್ಲಿ ಅಪಸ್ಮಾರದಿಂದ ತೀರಿಕೊಂಡರು. ಅಲ್ಲಿಯೇ ಮದುವೆಯಾದ ನರ್ಸ್ ಗುವೋ ಚಿಂಗ್‌ಲಾನ್ ಅವರ ಮಡಿಲಲ್ಲಿ ನಾಲ್ಕು ತಿಂಗಳೂ ತುಂಬದ ಮಗನಿದ್ದ.

ವಿ. ಶಾಂತಾರಾಂ 1946ರಲ್ಲಿ ಈ ಬದುಕನ್ನು ಸಿನಿಮಾ ಮಾಡಿದರು. ತ್ಯಾಗ ಜನರ ನೆನಪಿನಲ್ಲಿ ಉಳಿಯಿತು. ಆ ತ್ಯಾಗದ ಜೊತೆಗೆ ನೆನೆಯಬೇಕಾದ್ದು ಅದರ ಹಿಂದಿದ್ದ ವ್ಯವಸ್ಥೆ. ಕರೆ ಬಂದದ್ದು ಗಾಯಗೊಂಡ ನಾಡಿನಿಂದ. ಹಣ ಕೂಡಿದ್ದು ಗೊತ್ತುಮಾಡಿದ ದಿನಗಳಲ್ಲಿ. ತಂಡ ನಿಂತದ್ದು ಸ್ಥಳೀಯರ ಆಡಳಿತದೊಳಗೆ. ವೈದ್ಯ ಹೋದಮೇಲೂ ಉಳಿದದ್ದು ಅವರು ಕಲಿಸಿದ ವಿದ್ಯಾರ್ಥಿಗಳು.

ಕೊರಿಯಾ ಯುದ್ಧದ ಉದಾಹರಣೆಯೂ ಇದೇ ದಿಕ್ಕಿನದು. 1950ರ ನವೆಂಬರಿನಲ್ಲಿ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದಲ್ಲಿ ಭಾರತದ 60ನೆಯ ಪ್ಯಾರಾಶೂಟ್ ಫೀಲ್ಡ್ ಆಂಬ್ಯುಲೆನ್ಸ್ ಬೂಸಾನ್ ಬಂದರಿಗೆ ಇಳಿಯಿತು. ಪ್ಯೊಂಗ್ಯಾಂಗಿನಿಂದ ಸೈನ್ಯ ಹಿಂದೆ ಸರಿಯುವಾಗ ಸಾಗಣೆಗೆ ಲಾರಿಗಳಿರಲಿಲ್ಲ. ತಂಡದವರು ಒಂದು ಹಳೆಯ ಉಗಿಬಂಡಿ ಹುಡುಕಿ, ಬಕೆಟುಗಳಲ್ಲಿ ನೀರು ತುಂಬಿ, ತಾವೇ ಓಡಿಸಿ ಸಲಕರಣೆ ಉಳಿಸಿಕೊಂಡರು. ತಂಡದ ಒಂದು ಭಾಗ ರಣರಂಗದಲ್ಲಿದ್ದರೆ, ಇನ್ನೊಂದು ಭಾಗ ದೇಗು ನಗರದಲ್ಲಿ ಊರಜನರ ಆಸ್ಪತ್ರೆಗೆ ನೆರವಾಗಿ ಕೊರಿಯದ ವೈದ್ಯರಿಗೆ, ನರ್ಸ್‌ಗಳಿಗೆ ತರಬೇತಿ ಕೊಟ್ಟಿತು. ಯುದ್ಧ ನಿಂತಮೇಲೆ ಊರಿಗೆ ಮರಳಲು ಒಪ್ಪದ ಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದವರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಎರಡೂ ಕಡೆಯವರು ಅನುಮಾನಿಸುವ ಜಾಗದಲ್ಲಿ ನಿಂತು, ಎರಡೂ ಕಡೆಯವರ ಜೊತೆ ಮಾತು ಬಿಡದಿರುವುದು ಅವರ ಕೆಲಸವಾಗಿತ್ತು. ವೈದ್ಯಕೀಯ ನೆರವಿನವರಿಗೂ ಇಂದು ಬೇಕಾದ ಗುಣ ಇದೇ.

ಇನ್ನು ಈ ಭಾಗದ ಹಿರಿಯರಿಗೆ ಮೈಮೇಲಿನ ಅನುಭವವಾಗಿ ಗೊತ್ತಿರುವ ಒಂದು ರೋಗದ ಮಾತು: ನಾರುಹುಣ್ಣು. ಮೆಟ್ಟಿಲುಬಾವಿಗೆ ಇಳಿದು ಕೊಡ ತುಂಬುತ್ತಿದ್ದ ಕಾಲ. ನೀರಿನಲ್ಲಿನ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಜೀವಿಯ ಜೊತೆ ಹೊಟ್ಟೆ ಸೇರಿದ ಮರಿ, ವರ್ಷದ ಹೊತ್ತಿಗೆ ಗಜದುದ್ದ ಬೆಳೆದು ಕಾಲಿನ ಹುಣ್ಣಿನಿಂದ ಹೊರಬರುತ್ತಿತ್ತು. ಉರಿ ತಾಳದೆ ಕಾಲನ್ನು ನೀರಿಗಿಟ್ಟರೆ ಆ ಬಾವಿ ಮತ್ತೆ ರೋಗದ ಮನೆ. ಇದಕ್ಕೆ ಲಸಿಕೆ ಇಲ್ಲ, ಗುಣಪಡಿಸುವ ಔಷಧಿಯೂ ಇಲ್ಲ. ಬಟ್ಟೆಯಲ್ಲಿ ನೀರು ಸೋಸುವುದು, ಹುಣ್ಣಿದ್ದವರು ನೀರಿಗಿಳಿಯದಂತೆ ನೋಡಿಕೊಳ್ಳುವುದು, ಬಾವಿಗೆ ಔಷಧ ಹಾಕಿಸುವುದು, ಕೊಳವೆಬಾವಿ ಕೊರೆಸುವುದು, ಮನೆಮನೆಗೆ ಹೋಗಿ ಲೆಕ್ಕ ಬರೆಯುವುದು ಇವಿಷ್ಟರಿಂದಲೇ ಭಾರತ ಅದನ್ನು ಗೆದ್ದಿತು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು; 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಸಾರಿತು.

ಅದೇ ರೋಗ ಸುಡಾನಿನಲ್ಲಿ ಹಿಂದಿನ ಅಂತರ್ಯುದ್ಧವೊಂದರ ನಡುವೆ ಸಿಕ್ಕಿಕೊಂಡಿತ್ತು. 1995ರ ಮಾರ್ಚ್‌ನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಕಾದಾಡುತ್ತಿದ್ದ ಎರಡೂ ಪಕ್ಷಗಳನ್ನು ಒಪ್ಪಿಸಿ ಕದನವಿರಾಮ ಮಾಡಿಸಿದರು. ಅದು ಸುಮಾರು ಆರು ತಿಂಗಳು ನಡೆಯಿತು. ಆ ಬಿಡುವಿನಲ್ಲಿ ಸುಮಾರು 2 ಲಕ್ಷ ಸೋಸುವ ಬಟ್ಟೆಗಳು ಹಂಚಿಕೆಯಾದವು. ಮಕ್ಕಳಿಗೆ ಲಸಿಕೆ ಸಿಕ್ಕಿತು. ಒಂದು ತುಂಡು ಬಟ್ಟೆ ಹಂಚಲು ಬಂದೂಕು ಕೆಳಗಿಡಿಸಬಹುದಾದರೆ, ಉಳಿದ ಚಿಕಿತ್ಸೆಗೆ ಏಕೆ ಆಗಬಾರದು? ಎಲ್ ಸಾಲ್ವಡಾರ್ 1985ರಲ್ಲೇ ಮೂರು ಬೇರೆಬೇರೆ ದಿನ ಕಾಳಗ ನಿಲ್ಲಿಸಿ ಮಕ್ಕಳಿಗೆ ಲಸಿಕೆ ಹಾಕಿಸಿತ್ತು.

ಹೊಂದಾಣಿಕೆ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಬಾಸ್ನಿಯಾ ನಿದರ್ಶನ. 1992ರಿಂದ 1996ರವರೆಗೆ ಅಲ್ಲಿಗೆ ಬಂದ ದಾನದ ಔಷಧಿಗಳಲ್ಲಿ ಸುಮಾರು 17,000 ಟನ್ ಬಳಕೆಗೆ ಬಾರದವು ಎಂದು ಅಂದಾಜು. ಅವಧಿ ಮುಗಿದವು, ಯಾರೂ ಓದಲಾಗದ ಭಾಷೆಯ ಚೀಟಿ ಅಂಟಿಸಿದವು, ಯಾರೂ ಕೇಳದಿದ್ದವು. ನೊಂದ ನಾಡು ಆ ಕಸವನ್ನು ಸುಡುವ ಖರ್ಚನ್ನೂ ಹೊರಬೇಕಾಯಿತು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ದಾನದ ಔಷಧಿಗೆ ನಿಯಮ ಮಾಡಿತು: ಅಲ್ಲಿನವರು ಕೇಳಿದ್ದನ್ನೇ ಕೊಡಬೇಕು, ತಲುಪಿದಮೇಲೆ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು, ಚೀಟಿ ಓದುವಂತಿರಬೇಕು. 10,000 ಜನರಿಗೆ ಸುಮಾರು ಮೂರು ತಿಂಗಳಿಗೆ ಸಾಲುವ ತುರ್ತು ಔಷಧಿಗಳ ಸಿದ್ಧ ಗಂಟೂ ಬಳಕೆಯಲ್ಲಿದೆ. 2005ರಿಂದ ವಿಶ್ವಸಂಸ್ಥೆಯ ನೆರವಿನ ಕೆಲಸದಲ್ಲಿ ಆರೋಗ್ಯದ ಪಾಲಿಗೆ ಒಂದೇ ಮೇಜು: ಯಾರು, ಏನನ್ನು, ಎಲ್ಲಿ ಮಾಡುತ್ತಿದ್ದಾರೆಂಬ ಪಟ್ಟಿ ಅಲ್ಲಿರುತ್ತದೆ. ಒಂದೇ ಊರಿಗೆ ನಾಲ್ಕು ತಂಡ ಹೋಗಿ, ಪಕ್ಕದೂರು ಖಾಲಿ ಉಳಿಯಬಾರದು ಎಂಬುದು ಅದರ ಗುರಿ.

ಪಟ್ಟಿ, ನಕ್ಷೆ ಎಲ್ಲ ಇದ್ದೂ ಆಸ್ಪತ್ರೆ ಉಳಿಯದ ದಿನಗಳಿವೆ ಎಂಬುದೂ ಸತ್ಯ. ಅಫ್ಘಾನಿಸ್ತಾನದ ಕುಂದೂಜ್‌ನಲ್ಲಿ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ ತನ್ನ ಆಸ್ಪತ್ರೆಯ ಸ್ಥಳವನ್ನು ಕಾದಾಡುವವರಿಗೆಲ್ಲ ಮೊದಲೇ ತಿಳಿಸಿತ್ತು. ಆದರೂ 2015ರ ಅಕ್ಟೋಬರ್ 3ರಂದು ಅಮೆರಿಕದ ಯುದ್ಧವಿಮಾನದ ದಾಳಿಯಲ್ಲಿ 42 ಮಂದಿ ಸತ್ತರು. ಮರುವರ್ಷ ಮೇ 3ರಂದು ಭದ್ರತಾ ಮಂಡಳಿ ಆಸ್ಪತ್ರೆ, ವೈದ್ಯರ ಮೇಲಿನ ದಾಳಿಯನ್ನು ಖಂಡಿಸಿ 2286ನೆಯ ನಿರ್ಣಯ ಅಂಗೀಕರಿಸಿತು. ನಿರ್ಣಯದ ಅಕ್ಷರಕ್ಕೆ ಬಲ ಬರುವುದು ಎಲ್ಲ ದೇಶಗಳ ಜನ ಅದನ್ನು ಹಿಡಿದು ಕೇಳಿದಾಗ. ದೇವಾಪುರದ ಸಭೆಯೂ ಕೇಳಬಹುದು, ಕೇಳಬೇಕು.

ಈ ಸಮಾವೇಶದ ಮುಂದೆ ಅಧ್ಯಕ್ಷ ಪೀಠ ನಾಲ್ಕು ಸಲಹೆಗಳನ್ನು ಇಡುತ್ತದೆ. ಮೊದಲನೆಯದು, ಹೊರನಾಡಿನ ನೆರವಿಗೆ ಹೋಗಲು ಸಿದ್ಧರಿರುವ ವೈದ್ಯರು, ನರ್ಸ್‌ಗಳು, ಲ್ಯಾಬ್ ತಂತ್ರಜ್ಞರು, ಔಷಧಿ ಉಗ್ರಾಣ ನೋಡಿಕೊಳ್ಳುವವರ ಪಟ್ಟಿ ಜಿಲ್ಲಾ ಮಟ್ಟದಲ್ಲಿ ತಯಾರಾಗಲಿ. ಅವರ ಲಸಿಕೆ, ಪಾಸ್‌ಪೋರ್ಟ್, ಬಲ್ಲ ಭಾಷೆಗಳೂ ಅದರಲ್ಲಿರಲಿ. ಉರ್ದು, ಹಿಂದಿ, ತೆಲುಗು ಬಲ್ಲವರು ಈ ನೆಲದಲ್ಲಿ ಮನೆಮನೆಗೂ ಇದ್ದಾರೆ. ಅರಬ್ಬಿ ಓದಬಲ್ಲವರೂ ಇದ್ದಾರೆ. ಎರಡನೆಯದು, ಜನರಿಂದ ಕೂಡಿಸುವ ನೆರವು ಹಣದ ರೂಪದಲ್ಲಿರಲಿ, ಮನೆಯಲ್ಲಿ ಉಳಿದ ಮಾತ್ರೆಗಳ ರೂಪದಲ್ಲಿ ಬೇಡ. ಮೂರನೆಯದು, ನಾರುಹುಣ್ಣಿನ ವಿರುದ್ಧ ದುಡಿದ ಹಿರಿಯ ಆರೋಗ್ಯ ಸಹಾಯಕರ ಅನುಭವವನ್ನು ಅವರು ಇರುವಾಗಲೇ ಬರೆದಿಡುವುದು. ರಸ್ತೆಯಿಲ್ಲದ, ಕರೆಂಟಿಲ್ಲದ ಊರಿನಲ್ಲಿ ರೋಗದ ಲೆಕ್ಕ ಇಡುವುದು ಹೇಗೆಂದು ಅವರಿಗೆ ಗೊತ್ತು. ಯುದ್ಧಪೀಡಿತ ನಾಡಿಗೆ ಬೇಕಾದ ಜ್ಞಾನ ಅದೇ.

ನಾಲ್ಕನೆಯದು ಇಲ್ಲಿಂದ ದುಡಿಮೆಗೆ ಹೊರಗೆ ಹೋಗುವವರದು. ಸುಗ್ಗಿ ಮುಗಿದೊಡನೆ ಗುಳೆ ಹೋಗುವ ಜನರ ಜಿಲ್ಲೆ ಇದು. ಹೊರದೇಶಕ್ಕೆ ಹೋಗುವ ಪ್ರತಿಯೊಬ್ಬರಿಗೂ ಹೊರಡುವ ಮೊದಲೇ ಲಸಿಕೆಯ ಚೀಟಿ, ರಾಯಭಾರ ಕಚೇರಿಯ ನಂಬರು, ನಿತ್ಯದ ಔಷಧಿಗಳ ಹೆಸರು ಬರೆದ ಒಂದು ಕಾರ್ಡು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗುವಂತಾಗಲಿ. ಮಧ್ಯಾಹ್ನದ ಗೋಷ್ಠಿ ಈ ಕಾರ್ಡಿನ ಕರಡನ್ನು ಎತ್ತಿಕೊಳ್ಳಲಿದೆ. ಅದರಲ್ಲಿ ಏನಿರಬೇಕು, ಏನು ಬೇಡ ಎಂಬುದನ್ನು ಊರೂರು ತಿರುಗುವ ಆಶಾ ಕಾರ್ಯಕರ್ತೆಯರೇ ಮೊದಲು ಹೇಳಲಿ ಎಂದು ಕೋರುತ್ತಾ, ಅಧ್ಯಕ್ಷ ಪೀಠ ಗೋಷ್ಠಿಗಳನ್ನು ಸಭೆಗೆ ಒಪ್ಪಿಸುತ್ತದೆ.