ಬೆಂಚು ಕೀಳೋ ಮುಂಚೆ ಒಂದು ನಿಮಿಷ

ಅಮೆರಿಕದ ಮಿನ್ನೆಸೋಟದಲ್ಲಿರೋ ನನ್ನ ಅಣ್ಣ ಹಳೇ ಅಲ್ಯೂಮಿನಿಯಂ ದೋಣಿ ತಗೊಂಡ. ಓಡಾಡೋಕೆ ಜಾಗ ಸಾಲಲ್ಲ, ನಡುವಿನ ಬೆಂಚು ತೆಗೀತೀನಿ ಅಂದ. 'ಕಿತ್ತುಹಾಕು ಮಾರಾಯ' ಅಂದೆ ನಾನೂ. ಆಮೇಲೆ ಓದಿ ನೋಡಿದಾಗ ನನ್ನ ತಪ್ಪು ಗೊತ್ತಾಯ್ತು.

ಆ ಬೆಂಚು ಬರೀ ಕೂರೋಕಲ್ಲ. ದೋಣಿಯ ಎರಡೂ ಪಕ್ಕಗಳನ್ನ ಅಲುಗದ ಹಾಗೆ ಹಿಡಿದಿರುತ್ತೆ. ಒಳಗಿನ ಫೋಮ್, ನೀರು ತುಂಬಿದರೂ ದೋಣಿಯನ್ನ ತೇಲಿಸುತ್ತೆ. 20 ಅಡಿಗಿಂತ ಚಿಕ್ಕ ಮೋಟಾರು ದೋಣಿ ತಯಾರಿಸುವವರು ಇಂಥ ವ್ಯವಸ್ಥೆ ಮಾಡಲೇಬೇಕು ಅಂತ ಅಲ್ಲಿ ನಿಯಮವಿದೆ. ಬೆಂಚು ತೆಗೆದರೆ ಬೇರೆ ಅಡ್ಡ ಆಧಾರ ಕೊಟ್ಟು, ಅಷ್ಟೇ ಫೋಮನ್ನ ಬೇರೆ ಕಡೆ ಕೂರಿಸಬೇಕು.

ತೆಗೆಯೋದೇ ಆದರೆ ಉಳಿ ಹಾಕಿ ಮೀಟಬೇಡಿ, ತಗಡು ಹರಿಯುತ್ತೆ. ರಿವೆಟ್ ತಲೆಯ ನಡುವೆ ಪಂಚ್‌ನಿಂದ ಗುಳಿ ಮಾಡಿ, ರಿವೆಟ್‌ ಕಡ್ಡಿಗಿಂತ ದಪ್ಪವಿಲ್ಲದ ಡ್ರಿಲ್ ಬಿಟ್‌ನಿಂದ ನಿಧಾನವಾಗಿ ಕೊರೆಯಿರಿ. ತಲೆ ಕಳಚಿದ ಕೂಡಲೇ ನಿಲ್ಲಿಸಿ, ಉಳಿದ ಕಡ್ಡಿಯನ್ನ ಪಂಚ್‌ನಿಂದ ತಳ್ಳಿ. ಹೊರಮೈಯ ತೂತುಗಳಿಗೆ ಸೀಲೆಂಟ್ ಹಚ್ಚಿ, ತುದಿ ಮುಚ್ಚಿರೋ ಅಲ್ಯೂಮಿನಿಯಂ ರಿವೆಟ್ ಹಾಕಿ.

ಅಣ್ಣ ಕೊನೆಗೆ ಬೆಂಚು ಮುಟ್ಟಲಿಲ್ಲ. ಆ ದೋಣೀಲಿ ಅವನ ಮಗಳೂ ಕೂರ್ತಾಳೆ.